ಸೇಸಮ್ಮನ ಶನಿವಾರಗಳು

ಬಂಟ್ವಾಳ ಪೇಟೆಯಲ್ಲಿ ಹೊಳೆಗೆ ಬೆನ್ನು ಹಾಕಿ ನಿಂತ ಕಟ್ಟಡಗಳ ಸಾಲಿನಲ್ಲಿ ಅಬ್ದುಲ್ ಶುಕೂರ್ ಸಾಹುಕಾರರ ಅಡಿಕೆ ಗೋದಾಮೂ ಒಂದು. ಕೆಳಗೆ ಅಡಿಕೆ, ಕಾಳುಮೆಣಸು. ಮೇಲೆ ಹಲಗೆ ಹಾಸಿದ ಉಪ್ಪರಿಗೆ. ಆ ಉಪ್ಪರಿಗೆಯಲ್ಲಿ ಹದಿಮೂರು ವರ್ಷ, ಶನಿವಾರ ಸಂಜೆಗಳಲ್ಲಿ ಸಂಗೀತ ನಡೆಯಿತು. ಅಲ್ಲಿ ಹಾಡಿದವರ, ನುಡಿಸಿದವರ ಹೆಸರು ಹೇಳುವವರು ಈಗಲೂ ಸಿಗುತ್ತಾರೆ. ಶನಿವಾರ ಬೆಳಿಗ್ಗೆ ಆ ಹಲಗೆಗಳನ್ನು ಗುಡಿಸಿದವಳ ಹೆಸರು ಹೇಳುವವರು ಕಡಿಮೆ. ಅವಳು ಸೇಸಮ್ಮ. ಅವಳಿಗೆ ಸಂಗೀತವೆಂದರೆ ಅಷ್ಟಕ್ಕಷ್ಟೆ.

ಸೇಸಮ್ಮ ಪುಂಜಾಲಕಟ್ಟೆ ಕಡೆಯ ಗುಡ್ಡದ ಬುಡದ ಒಂದು ಮನೆಯಲ್ಲಿ ಹುಟ್ಟಿದವಳು. ಗಂಡ ಧರ್ಣಪ್ಪ ಯಕ್ಷಗಾನದ ಮೇಳದಲ್ಲಿ ಮದ್ದಲೆ ಬಾರಿಸುತ್ತಿದ್ದ. ದೀಪಾವಳಿ ಕಳೆದು ಮೇಳ ಹೊರಟರೆ, ಅವನು ಮನೆಗೆ ಬರುವುದು ಬೇಸಿಗೆಯ ಕೊನೆಗೆ, ಪತ್ತನಾಜೆಯ ದಿನ ಮೇಳ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆಯೇ. ಬಂದರೂ ರಾತ್ರಿ ನಿದ್ದೆಗೆಟ್ಟು ಅಭ್ಯಾಸವಾದ ದೇಹ ಹಗಲು ಮಲಗುತ್ತಿತ್ತು, ರಾತ್ರಿ ಜಗಲಿಯಲ್ಲಿ ಎದ್ದು ಕೂರುತ್ತಿತ್ತು. ಹೀಗೆ ಗಂಡ ಊರಲ್ಲಿದ್ದಾಗಲೂ ಸೇಸಮ್ಮ ಹೆಚ್ಚಾಗಿ ಒಬ್ಬಳೇ. ಒಂದು ಮಗು ಹುಟ್ಟಿತ್ತು, ಉಳಿಯಲಿಲ್ಲ. ಆಮೇಲೆ ಆಗಲಿಲ್ಲ. ಅವಳು ಬೀಡಿ ಕಟ್ಟುತ್ತ, ಅಕ್ಕ ಕಾವೇರಮ್ಮನ ಗದ್ದೆಯಲ್ಲಿ ದುಡಿಯುತ್ತ ದಿನ ಕಳೆದಳು.

ಸಾವಿರದ ಒಂಬೈನೂರ ಐವತ್ತಮೂರರಲ್ಲಿ ಧರ್ಣಪ್ಪನ ಮೊಣಕಾಲು ಕೈಕೊಟ್ಟಿತು. ಕಾಲು ಮಡಚಿ ಇಡೀ ರಾತ್ರಿ ಕೂರಲಾರದವನಿಗೆ ಮೇಳದಲ್ಲಿ ಏನು ಕೆಲಸ? ಪರಿಚಯದವರೊಬ್ಬರ ಮಾತಿನ ಮೇಲೆ ಶುಕೂರ್ ಸಾಹುಕಾರರು ಅವನನ್ನು ಗೋದಾಮಿನಲ್ಲಿ ಅಡಿಕೆ ತೂಗಲು ಇಟ್ಟುಕೊಂಡರು. ಉಪ್ಪರಿಗೆಯ ಹಿಂದಿನ ಕೋಣೆಯನ್ನು ಇರಲು ಕೊಟ್ಟರು. ಸೇಸಮ್ಮ ತಲೆಯ ಮೇಲೆ ಪಾತ್ರೆಗಳ ಗಂಟು ಹೊತ್ತು ಮರದ ಏಣಿಮೆಟ್ಟಿಲು ಹತ್ತಿದಳು. ಇನ್ನಾದರೂ ಗಂಡ ಮನೆಯಲ್ಲಿರುತ್ತಾನೆ, ರಾತ್ರಿ ಮಲಗುತ್ತಾನೆ, ಹಗಲು ದುಡಿಯುತ್ತಾನೆ ಎಂದು ಅವಳಿಗೆ ನೆಮ್ಮದಿಯಾಯಿತು. ಆ ನೆಮ್ಮದಿ ಒಂದು ವರ್ಷವೂ ಬಾಳಲಿಲ್ಲ.

ಮರುವರ್ಷ ಜನವರಿಯ ಒಂದು ಶನಿವಾರ ಬೆಳ್ತಂಗಡಿಗೆ ಹೋಗುವ ಬಸ್ಸು ಪೇಟೆಯ ನಡುವೆ ಕೆಟ್ಟು ನಿಂತಿತು. ಬಸ್ಸಿನಲ್ಲಿ ಪಾಲಕ್ಕಾಡು ಕಡೆಯ ಒಬ್ಬ ಪಿಟೀಲಿನವರಿದ್ದರು. ಮರುದಿನದ ಮದುವೆಗೆ ನುಡಿಸಲು ಹೊರಟವರು. ಬಿಸಿಲಿಗೆ ವಾದ್ಯ ಕೆಡುತ್ತದೆಂದು ನೆರಳು ಕೇಳಿಕೊಂಡು ಗೋದಾಮಿಗೆ ಬಂದರು. ಧರ್ಣಪ್ಪ ಅವರನ್ನು ಮೇಲೆ ಕರೆದುಕೊಂಡು ಹೋಗಿ ಚಾಪೆ ಹಾಸಿ ಕೂರಿಸಿದ. ಅವರು ಪೆಟ್ಟಿಗೆ ತೆರೆದು ತಂತಿ ಬಿಗಿದು, ಸರಿಯುಂಟೋ ಎಂದು ನೋಡಲು ಕಮಾನು ಎಳೆದರು. ಎಳೆದವರು ನಿಲ್ಲಿಸಲಿಲ್ಲ. ಧರ್ಣಪ್ಪ ಮೇಳದಿಂದ ಬರುವಾಗ ತಂದಿದ್ದ ಹಳೆಯ ಶ್ರುತಿಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಿದಿ ಒತ್ತತೊಡಗಿದ. ಎದುರಿನ ದರ್ಜಿ ಬಂದ, ಹೋಟೆಲಿನವ ಬಂದ, ಕೋರ್ಟು ಮುಗಿಸಿ ಮನೆಗೆ ಹೊರಟಿದ್ದ ಇಬ್ಬರು ಗುಮಾಸ್ತರು ಬಂದರು. ತನ್ನ ಮೆಟ್ಟಿಲಿನಲ್ಲಿ ಇಷ್ಟು ಚಪ್ಪಲಿ ಏಕೆ ಎಂದು ನೋಡಲು ಸಾಹುಕಾರರೂ ಬಂದರು. ಮೇಲಿನ ಮೆಟ್ಟಿಲಿನಲ್ಲೇ ಕುಳಿತು ಕೇಳಿದರು. ಬಸ್ಸು ಸರಿಯಾಗಿ ಡ್ರೈವರು ಹಾರ್ನು ಒತ್ತಿದಾಗ ಯಾರಿಗೂ ಏಳುವ ಮನಸ್ಸಿರಲಿಲ್ಲ.

ಪಿಟೀಲಿನವರು ಹೋದ ಮೇಲೆ ಸಾಹುಕಾರರು ಹೇಳಿದರು: "ಇವರು ವಾಪಸು ಬರುವಾಗಲೂ ಇಲ್ಲಿ ಇಳಿಯಲಿ ಧರ್ಣಪ್ಪಣ್ಣ. ಉಪ್ಪರಿಗೆ ಹೇಗೂ ಖಾಲಿ ಉಂಟು."

ಶುರುವಾದದ್ದು ಹೀಗೆ. ಅದಕ್ಕೊಂದು ಹೆಸರಿಡಲಿಲ್ಲ, ಬೋರ್ಡು ಹಾಕಲಿಲ್ಲ, ಅಧ್ಯಕ್ಷರಾಗಲು ಯಾರನ್ನೂ ಕರೆಯಲಿಲ್ಲ. ಶನಿವಾರ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಶುರು, ಮಂಗಳೂರಿಗೆ ಹೋಗುವ ಕೊನೆಯ ಬಸ್ಸಿಗೆ ಮೊದಲು ಮುಕ್ತಾಯ. ಮೆಟ್ಟಿಲ ಬಳಿ ಒಂದು ಹರಿವಾಣ ಇರುತ್ತಿತ್ತು. ಹಾಕುವವರು ಹಾಕುತ್ತಿದ್ದರು, ಅದು ಹಾಡಲು ಬಂದವರ ದಾರಿಖರ್ಚಿಗೆ. ಅಡಿಕೆಯ ಕಾಲದಲ್ಲಿ ಗೋಣಿಚೀಲಗಳು ಮೇಲೂ ಏರಿ ಅರ್ಧ ಜಾಗ ತುಂಬುತ್ತಿದ್ದವು. ಜನ ಅವಕ್ಕೆ ಒರಗಿ ಕುಳಿತು ಕೇಳುತ್ತಿದ್ದರು. ಮಳೆ ಹಿಡಿದರೆ ಹೆಂಚಿನ ಸದ್ದಿಗೆ ಏನೂ ಕೇಳುವುದಿಲ್ಲವಾದ್ದರಿಂದ ಜೂನ್‌ನಿಂದ ನವರಾತ್ರಿಯವರೆಗೆ ಬಿಡುವು. ಸೇಸಮ್ಮನಿಗೆ ವರ್ಷದಲ್ಲಿ ಇಷ್ಟದ ಕಾಲ ಅದೇ.

ಉಳಿದ ಕಾಲದಲ್ಲಿ ಶನಿವಾರವೆಂದರೆ ಅವಳಿಗೆ ಬೆಳಿಗ್ಗೆಯೇ ಸೊಂಟ ನೋವು. ಇಲಿಯ ಹಿಕ್ಕೆ, ಅಡಿಕೆ ಸಿಪ್ಪೆಯ ಧೂಳು, ಹಲಗೆಯ ಸಂದಿಗೆ ಸೇರಿದ ಬೀಡಿಯ ತುಂಡು ಎಲ್ಲ ಗುಡಿಸಬೇಕು. ಚಾಪೆ ಕೊಡವಬೇಕು. ಬಾವಿಯಿಂದ ಮೇಲಕ್ಕೆ ನೀರು ಹೊರಬೇಕು. ಬರುವ ಸಂಗೀತಗಾರರಲ್ಲಿ ಕೆಲವರು ಅವಳ ಕೈಯ ಕಾಫಿ ಕುಡಿಯುತ್ತಿದ್ದರು, ಕೆಲವರು ಕೆತ್ತಿದ ಎಳನೀರಿನ ಬೊಂಡ ಮಾತ್ರ ಮುಟ್ಟುತ್ತಿದ್ದರು. ಯಾರಿಗೆ ಕಾಫಿ, ಯಾರಿಗೆ ಬೊಂಡ ಎಂಬುದನ್ನು ಅವರ ಮುಖ ನೋಡಿಯೇ ಅಂದಾಜು ಮಾಡಬೇಕು. ಎಲ್ಲ ಮುಗಿದು ಜನ ಇಳಿದು ಹೋದ ಮೇಲೆ ಪೀಕದಾನಿ ತೊಳೆಯುವುದೂ ಅವಳೇ.

"ಇದೆಂಥ ಹಾಡು ಮಾರಾಯ್ರೆ," ಎಂದು ಒಮ್ಮೆ ಗಂಡನಿಗೆ ಹೇಳಿದಳು. "ಒಂದೇ ಮಾತನ್ನು ನೂರು ಸಲ ಹೇಳ್ತಾರೆ. ನಾನು ಹಾಗೆ ಹೇಳಿದರೆ ನೀವು ಬೈತೀರಿ."

ಧರ್ಣಪ್ಪ ನಕ್ಕ. ಅವನಿಗೆ ಆ ಶನಿವಾರಗಳು ಬೇಕಾಗಿದ್ದವು. ವಾರವಿಡೀ ತಕ್ಕಡಿಯ ಎದುರು ನಿಂತವನು ಆ ಎರಡು ಗಂಟೆ ಹಾಡುವವರ ಪಕ್ಕದಲ್ಲಿ ಶ್ರುತಿ ಹಿಡಿದು ಕೂರುತ್ತಿದ್ದ. ಭಾನುವಾರಗಳಲ್ಲಿ ಮಡಂತ್ಯಾರು, ಉಜಿರೆ, ಮೂಡುಬಿದಿರೆ ಎಂದು ಅಲೆದು ಹಾಡುವವರನ್ನು ಹುಡುಕಿ ಮಾತಾಡಿಸಿ ಬರುತ್ತಿದ್ದ. ಮೇಳ ಬಿಟ್ಟ ಮೇಲೆ ಅವನ ಮುಖದಲ್ಲಿ ಕವಿದಿದ್ದ ಮಂಕು ಕಡಿಮೆಯಾದದ್ದನ್ನು ಸೇಸಮ್ಮ ಕಂಡಿದ್ದಳು. ಅದಕ್ಕೇ ಗೊಣಗುತ್ತ ಗುಡಿಸಿದಳು. ಗೊಣಗುವುದನ್ನೂ ಬಿಡಲಿಲ್ಲ, ಗುಡಿಸುವುದನ್ನೂ ಬಿಡಲಿಲ್ಲ.

ಅರವತ್ತನೇ ಇಸವಿಯ ಆಚೆ ಈಚೆ ಧರ್ಣಪ್ಪನ ಕಿವಿ ಮಂದವಾಗತೊಡಗಿತು. ಮೊದಲು ಗೊತ್ತಾದದ್ದು ಸೇಸಮ್ಮನಿಗೆ. ಹಾಲು ಉಕ್ಕಿ ಒಲೆಗೆ ಚೆಲ್ಲಿ ಸುಂಯ್ ಎಂದರೂ ಪಕ್ಕದಲ್ಲಿ ಕುಳಿತವನು ತಿರುಗಿ ನೋಡಲಿಲ್ಲ. ಕೆಳಗಿನಿಂದ ಸಾಹುಕಾರರು ಕರೆದರೆ ಅವಳು ಹೋಗಿ ಅವನ ಭುಜ ತಟ್ಟಬೇಕಾಯಿತು. ಮಾತಾಡಬೇಕಾದರೆ ಕೂಗಬೇಕು, ಕೂಗಿದರೆ ಬೀದಿಗೆಲ್ಲ ಕೇಳುತ್ತದೆ. ಅವರ ಮನೆಯಲ್ಲಿ ಇವತ್ತು ಹುರುಳಿ ಸಾರು ಎಂಬುದು ಎದುರಿನ ದರ್ಜಿಗೂ ಗೊತ್ತಾಗುತ್ತಿತ್ತು. ಕ್ರಮೇಣ ಅವಳು ಮಾತನ್ನೇ ಕಡಿಮೆ ಮಾಡಿದಳು. ಕೈಸನ್ನೆ, ಕಣ್ಣಸನ್ನೆ ಸಾಕಾಯಿತು. ಮನಸ್ಸಿಗೆ ಬಂದ ಸಣ್ಣಪುಟ್ಟ ವಿಷಯಗಳನ್ನು, ಕೂಗುವಷ್ಟು ದೊಡ್ಡದೇನೂ ಅಲ್ಲವೆಂದು, ಹೇಳದೇ ಬಿಟ್ಟಳು. ಹಾಗೆ ಬಿಟ್ಟ ಮಾತುಗಳೇ ದಿನಕ್ಕೆ ಎಷ್ಟೋ ಆದವು.

ಶನಿವಾರಗಳಲ್ಲಿ ಮಾತ್ರ ಯಾರಿಗೂ ಗೊತ್ತಾಗದಂತೆ ಧರ್ಣಪ್ಪ ನಡೆಸಿಕೊಂಡು ಬಂದ. ಹಲಗೆಯ ನಡುಕ ತೊಡೆಗೆ ತಾಗುತ್ತಿತ್ತು. ಎದುರು ಕೂತವರ ತಲೆ ಅಲುಗುವುದನ್ನು ನೋಡಿ ತಾನೂ ತಲೆ ಅಲುಗಿಸುತ್ತಿದ್ದ. ಅವರು "ಭೇಷ್" ಅಂದರೆ ತಾನೂ ಅನ್ನುತ್ತಿದ್ದ. ಅವನ ಭೇಷ್ ಎಲ್ಲರದಕ್ಕಿಂತ ಒಂದಿಷ್ಟು ತಡವಾಗಿ ಬರುತ್ತದೆ ಎಂಬುದನ್ನು ಹಿಂದಿನ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತ ಸೇಸಮ್ಮ ಗಮನಿಸಿದ್ದಳು.

ಅರವತ್ತಮೂರರ ಫೆಬ್ರವರಿಯಲ್ಲಿ ಮೂಡುಬಿದಿರೆಯಿಂದ ಕಾಂತಿ ಎಂಬ ಹುಡುಗಿ ಹಾಡಲು ಬಂದಳು. ಅಲ್ಲಿನ ಜೈನರ ಮನೆಯ ಹುಡುಗಿ. ಮನೆಯಲ್ಲೇ ನಾಲ್ಕೈದು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದಳು. ಹೊರಗಿನವರ ಎದುರು ಹಾಡುವುದು ಅದೇ ಮೊದಲು. ಸೋದರಮಾವ ಭೋಜ ಜತೆಗೆ ಬಂದಿದ್ದರು. ಇದೆಲ್ಲ ಬೇಕಿತ್ತೇ ಎಂಬ ಮುಖದಲ್ಲಿ ಅವರು ಮುಂದಿನ ಚಾಪೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತರು.

ಒಂದು ಹಾಡು ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ಮೊದಲು ಕಾಂತಿ ಧರ್ಣಪ್ಪನ ಕಡೆ ಬಗ್ಗಿ, "ಶ್ರುತಿ ಸ್ವಲ್ಪ ಇಳಿಸಿ ಕೊಡ್ತೀರಾ?" ಎಂದು ಮೆಲ್ಲಗೆ ಕೇಳಿದಳು. ಧರ್ಣಪ್ಪ ನಗುತ್ತ ತಲೆಯಾಡಿಸಿದ. ಒತ್ತಿದ್ದು ಹಳೆಯ ಶ್ರುತಿಯನ್ನೇ. ಅವಳು ಇಳಿಸಿ ಹಾಡಲು ಹೊರಟಳು; ಪೆಟ್ಟಿಗೆ ಮೇಲೆ, ಅವಳು ಕೆಳಗೆ. ಎರಡೂ ಒಂದಕ್ಕೊಂದು ತಾಗದೆ ಕೇಳುವವರ ಹಲ್ಲು ಚುಳ್ಳೆಂದಿತು. ಅವಳು ನಿಲ್ಲಿಸಿ ಇನ್ನೊಮ್ಮೆ ಕೇಳಿದಳು. ಅವನು ಇನ್ನೊಮ್ಮೆ ತಲೆಯಾಡಿಸಿ ಅದನ್ನೇ ಒತ್ತಿದ. ಹುಡುಗಿಗೇ ಶ್ರುತಿ ಸಿಗುತ್ತಿಲ್ಲವೆಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕಾಂತಿಯ ಕಣ್ಣಲ್ಲಿ ನೀರು ತುಂಬಿ ಹಾಡು ನಿಂತಿತು.

"ಇದೆಂಥದು? ಕರೆಸಿ ಅವಮಾನ ಮಾಡುವುದಾ?" ಎಂದರು ಭೋಜ.

ಧರ್ಣಪ್ಪ ಕಣ್ಣು ಮುಚ್ಚಿ, ತಲೆಯಾಡಿಸುತ್ತ, ತಿದಿ ಒತ್ತುತ್ತಲೇ ಇದ್ದ. ಹಾಡು ನಿಂತದ್ದು ಅವನಿಗೆ ತಿಳಿದಿರಲಿಲ್ಲ. ಅವನ ಪೆಟ್ಟಿಗೆಯೊಂದೇ ಇಡೀ ಉಪ್ಪರಿಗೆಯಲ್ಲಿ ಗುಂಯ್‌ಗುಡುತ್ತಿತ್ತು.

ಸೇಸಮ್ಮ ತಂಬಿಗೆ ಕೆಳಗಿಟ್ಟಳು. ಅಲ್ಲಿ ಹೆಂಗಸರು ಕೂರುವುದು ಗೋಡೆಯ ಬದಿಯ ಚಾಪೆಯಲ್ಲಿ. ಜನರ ನಡುವೆ ಹಾದು ಮುಂದೆ ಹೋದವರು ಯಾರೂ ಇರಲಿಲ್ಲ. ಅವಳು ಹಾದು ಹೋದಳು. ಗಂಡನ ಕೈಯ ಮೇಲೆ ಕೈ ಇಟ್ಟು ನಿಲ್ಲಿಸಿ, ಪೆಟ್ಟಿಗೆಯನ್ನು ಅವನ ತೊಡೆಯಿಂದ ತನ್ನ ತೊಡೆಗೆ ಎಳೆದುಕೊಂಡಳು.

"ಯಾವುದು ಬೇಕು ಮಗಾ? ನನಗೆ ಗೊತ್ತಾಗುವುದಿಲ್ಲ. ನೀನೇ ಇಟ್ಟು ಕೊಡು, ನಾನು ಒತ್ತುತ್ತೇನೆ."

ಕಾಂತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪೆಟ್ಟಿಗೆಯ ಸಣ್ಣ ಮುಚ್ಚಳಗಳನ್ನು ಸರಿಸಿ ಕೊಟ್ಟಳು. ಸೇಸಮ್ಮನಿಗೆ ಒಲೆ ಊದಿ ಅಭ್ಯಾಸವಿತ್ತು, ತಿದಿ ಒತ್ತಿ ಇರಲಿಲ್ಲ. ಮೊದಲಿಗೆ ಸ್ವರ ಓಡಿ ಬಂದವರ ಉಸಿರಿನ ಹಾಗೆ ಏರಿತು, ಇಳಿಯಿತು. ಹುಡುಗಿ ಕಾದಳು. ಸ್ವಲ್ಪ ಹೊತ್ತಿಗೆ ಕೈ ಹದಕ್ಕೆ ಬಂತು. ಹಾಡು ಶುರುವಾಯಿತು. ಭೋಜರ ಬೆನ್ನು ಸಡಿಲವಾಗುವವರೆಗೆ ಕಾಂತಿ ಹಾಡಿದಳು.

ಧರ್ಣಪ್ಪ ತನ್ನ ಖಾಲಿ ತೊಡೆಯನ್ನು ನೋಡಿಕೊಂಡ. ಎದುರಿದ್ದ ಮುಖಗಳನ್ನು ನೋಡಿದ. ಶುಕೂರ್ ಸಾಹುಕಾರರು ತಲೆ ತಗ್ಗಿಸಿದರು. ಅವನು ಮೆಲ್ಲಗೆ ಎದ್ದು ಹೋಗಿ ಬೀದಿಯ ಕಡೆಯ ಕಿಟಕಿಯಲ್ಲಿ ನಿಂತ. ಮುಗಿಯುವವರೆಗೂ ತಿರುಗಲಿಲ್ಲ.

ಎಲ್ಲರೂ ಹೋದ ಮೇಲೆ ಊಟಕ್ಕೆ ಕುಳಿತಾಗ ಅವನು ಕೇಳಿದ: "ನಿನಗೆ ಯಾವಾಗಿಂದ ಗೊತ್ತು?"

ಸೇಸಮ್ಮ ಬೆರಳಲ್ಲಿ ಬಹಳ ಹಿಂದೆ ಎಂದು ತೋರಿಸಿದಳು.

"ಮತ್ತೆ ಯಾಕೆ ಹೇಳಲಿಲ್ಲ ನೀನು?"

ಅವಳು ಅವನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು: "ಹೇಳಿದ್ದರೆ ನಿಮಗೆ ಕೇಳ್ತಿತ್ತಾ?"

ಧರ್ಣಪ್ಪನಿಗೆ ನಗು ಬಂತು. ನಗುತ್ತಲೇ ಅವನ ಕಣ್ಣಿಂದ ನೀರು ಇಳಿಯಿತು. ಕಲಸಿದ ಅನ್ನವನ್ನು ಹಾಗೇ ಬಿಟ್ಟು ಕೈತೊಳೆದ. ಸೇಸಮ್ಮನೂ ಉಣ್ಣಲಿಲ್ಲ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ಅವಳು ಕಂಡದ್ದು ಎರಡನೇ ಸಲ. ಮೊದಲನೆಯದು ಮಗು ಹೋದಾಗ.

ಸಾಹುಕಾರರ ಒತ್ತಾಯಕ್ಕೆ ಮಂಗಳೂರಿನ ಡಾಕ್ಟರರ ಹತ್ತಿರ ಹೋದರು. ವರ್ಷಗಟ್ಟಲೆ ಜಾಗಟೆಯ ಪಕ್ಕ, ಚೆಂಡೆಯ ಪಕ್ಕ ಕೂತ ಕಿವಿ. ನರ ಬತ್ತಿ ಹೋಗಿದೆ, ಇನ್ನು ಮಾಡುವುದಕ್ಕೇನೂ ಇಲ್ಲ ಎಂದು ಡಾಕ್ಟರರು ಸೇಸಮ್ಮನಿಗೆ ಹೇಳಿದರು. ಹಿಂದಿರುಗುವ ಬಸ್ಸಿನಲ್ಲಿ ಧರ್ಣಪ್ಪನೇ ಹೇಳಿದ: "ನಿಲ್ಲಿಸಿ ಬಿಡುವ, ಸೇಸು. ಸಾಕು."

ಅವಳು ಕೂಡಲೇ ಆಗಲಿ ಎಂದು ತಲೆಯಾಡಿಸಿದಳು. ಆ ವಾರ ಕಣ್ಣು ತುಂಬ ನಿದ್ದೆ ಮಾಡಿದಳು. ಶನಿವಾರ ಬೆಳಿಗ್ಗೆ ಕಸಬರಿಕೆ ಮೂಲೆಯಲ್ಲೇ ಇತ್ತು. ಸಂಜೆ ಮೆಟ್ಟಿಲಲ್ಲಿ ಕಾಲಸಪ್ಪಳವಾಯಿತು. ಉಜಿರೆಯ ರುಕ್ಮಯ್ಯ, ಮದುವೆ ದಿಬ್ಬಣಗಳಲ್ಲಿ ಕ್ಲಾರಿನೆಟ್ ಊದುವವನು, ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ನಿಂತಿದ್ದ.

"ಧರ್ಣಪ್ಪಣ್ಣ ಬರಲಿಕ್ಕೆ ಹೇಳಿದ್ರಲ್ಲ? ಹೋದ ತಿಂಗಳೇ ಹೇಳಿದ್ರು. ಇವತ್ತು ಬೆಳ್ತಂಗಡಿಯಲ್ಲಿ ಒಂದು ಮದುವೆ ಇತ್ತು, ಇದಕ್ಕೋಸ್ಕರ ಅದನ್ನು ಬಿಟ್ಟೆ."

ಸೇಸಮ್ಮ ಅವನ ಅಂಗಿ ನೋಡಿದಳು. ಬಾಗಿಲು ಮುಚ್ಚಿದೆ, ಹೋಗಿ ಎನ್ನಲು ಬಾಯಿ ಬರಲಿಲ್ಲ. "ಆಚೆ ಕೂತುಕೊಳ್ಳಿ, ಧೂಳು ಏಳ್ತದೆ," ಎಂದು ಹೇಳಿ ಕಸಬರಿಕೆ ಎತ್ತಿಕೊಂಡಳು. ಅಷ್ಟರಲ್ಲಿ ದರ್ಜಿಯೂ ಗುಮಾಸ್ತರೂ ಮೆಟ್ಟಿಲು ಹತ್ತುತ್ತಿದ್ದರು. ರುಕ್ಮಯ್ಯ ಊದಿದ. ಸೇಸಮ್ಮ ಶ್ರುತಿ ಒತ್ತಿದಳು. ಧರ್ಣಪ್ಪ ಮುಂದಿನ ಚಾಪೆಯಲ್ಲಿ ಕುಳಿತು, ಉಬ್ಬಿ ಇಳಿಯುವ ಅವನ ಕೆನ್ನೆಗಳನ್ನೂ ಬೆರಳುಗಳನ್ನೂ ನೋಡುತ್ತಿದ್ದ.

ಮುಗಿದ ಮೇಲೆ ರುಕ್ಮಯ್ಯ, ಬರುವ ತಿಂಗಳು ತನ್ನ ಭಾವನೂ ಬರುತ್ತಾನೆ, ತಾನು ಹೇಳಿಯಾಗಿದೆ ಎಂದ. ಕಾಂತಿ ಯಾರದೋ ಕೈಯಲ್ಲಿ ಇನ್ನೊಮ್ಮೆ ಬರುತ್ತೇನೆಂದು ಹೇಳಿ ಕಳಿಸಿದಳು. ಹೀಗೆ, ನಿಲ್ಲಿಸಬೇಕೆಂದು ಹೊರಟಾಗಲೆಲ್ಲ ಯಾರೋ ಒಬ್ಬರಿಗೆ ಮಾತು ಕೊಟ್ಟಾಗಿರುತ್ತಿತ್ತು. ಇದೊಂದು ಆಗಿ ಹೋಗಲಿ, ಆಮೇಲೆ ಬಾಗಿಲು ಹಾಕುವ ಎಂದು ಸೇಸಮ್ಮ ಪ್ರತಿ ಸಲ ಅಂದುಕೊಂಡಳು. ಹಾಗೆ ಅಂದುಕೊಳ್ಳುತ್ತಲೇ ನಾಲ್ಕು ವರ್ಷ ನಡೆಸಿದಳು.

ಹೆಂಗಸು ಮುಂದೆ ಕೂತು ಶ್ರುತಿ ಹಿಡಿಯುವುದು ಸರಿಯಲ್ಲವೆಂದು ಪೇಟೆಯ ಒಬ್ಬ ಹಿರಿಯ ಜವಳಿ ವ್ಯಾಪಾರಿ ಆಕ್ಷೇಪ ಎತ್ತಿದರು. ಸೇಸಮ್ಮ ವಾದ ಮಾಡಲಿಲ್ಲ. "ಹಾಗಾದರೆ ನೀವೇ ಹಿಡಿಯಿರಿ, ನನಗೂ ಬೆನ್ನು ಒರಗಿಸಬೇಕು," ಎಂದು ಪೆಟ್ಟಿಗೆಯನ್ನು ಅವರ ಮಡಿಲಿಗೆ ಇಟ್ಟಳು. ಅವರು ಒಂದು ಹಾಡಿನ ಅರ್ಧದವರೆಗೆ ಒತ್ತಿದರು. ತೋಳು ಸೋತು ವಾಪಸು ಕೊಟ್ಟರು. ಮುಂದಿನ ವಾರದಿಂದ ಅವರ ಹೆಂಡತಿಯೂ ಬಂದು ಗೋಡೆಯ ಬದಿಯ ಚಾಪೆಯಲ್ಲಿ ಕುಳಿತಳು.

ಯಾರನ್ನು ಮತ್ತೆ ಕರೆಸಬೇಕು, ಯಾರನ್ನು ಬಿಡಬೇಕು ಎಂಬುದು ಸೇಸಮ್ಮನಿಗೆ ತಿಳಿಯದು. ಅದನ್ನು ಹೇಳುತ್ತಿದ್ದವಳು ಸಾಹುಕಾರರ ಹೆಂಡತಿ ಆಸ್ಯಮ್ಮ. ಗೋದಾಮಿಗೆ ತಾಗಿಯೇ ಅವರ ಮನೆ. ಅಡ್ಡಪಟ್ಟಿಗಳ ಕಿಟಕಿಯ ಹಿಂದೆ ಮಗಳು ಖದೀಜಳ ಜತೆ ಕುಳಿತು ಆಸ್ಯಮ್ಮ ಮೊದಲಿನಿಂದಲೂ ಒಂದು ಶನಿವಾರ ಬಿಡದೆ ಕೇಳಿದ್ದಳು. ಭಾನುವಾರ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಇಬ್ಬರೂ ಸಿಗುತ್ತಿದ್ದರು.

"ನಿನ್ನೆಯವನು ದೊಡ್ಡ ಸ್ವರ ಮಾಡಿ ಹೆದರಿಸ್ತಾನೆ ಸೇಸಕ್ಕ. ಇನ್ನು ಬೇಡ. ಆಚೆ ವಾರದ ಮುದುಕ ಉಂಟಲ್ಲ, ಕೆಮ್ಮುತ್ತಾ ಹಾಡಿದವನು, ಅವನನ್ನು ಇನ್ನೊಮ್ಮೆ ಕರೆಸಿ."

"ಅವನಿಗೆ ಪಾಪ ಮೆಟ್ಟಿಲು ಹತ್ತಲಿಕ್ಕೇ ಆಗುವುದಿಲ್ಲ."

"ಮೆಲ್ಲ ಹತ್ತಲಿ. ನಾನು ಶುಂಠಿ ಕಷಾಯ ಕಳಿಸ್ತೇನೆ."

ಹಾಗೆ ಅಲ್ಲಿ ಯಾರು ಹಾಡಬೇಕೆಂಬುದು ಬಾವಿಕಟ್ಟೆಯಲ್ಲಿ ತೀರ್ಮಾನವಾಗುತ್ತಿತ್ತು. ಉಪ್ಪರಿಗೆಯ ಆಯ್ಕೆ ಬಹಳ ಒಳ್ಳೆಯದೆಂದು ಪೇಟೆಯ ಗಂಡಸರು ಧರ್ಣಪ್ಪನನ್ನು ಹೊಗಳುತ್ತಿದ್ದರು. ಅವನಿಗೆ ಕೇಳುತ್ತಿರಲಿಲ್ಲ, ನಗುತ್ತಿದ್ದ.

ಅಷ್ಟರಲ್ಲಿ ಪೇಟೆಯ ಕಳೆ ಇಳಿಯುತ್ತಿತ್ತು. ಹೊಳೆಯಲ್ಲಿ ಸರಕು ದೋಣಿಗಳು ಕಡಿಮೆಯಾದವು. ಬಸ್ಸುಗಳೆಲ್ಲ ಪೇಟೆಯ ಹೊರಗೆ ಹೆದ್ದಾರಿಯ ಜೋಡುಮಾರ್ಗದಲ್ಲಿ ನಿಲ್ಲತೊಡಗಿದವು. ಅಂಗಡಿಗಳೂ ಒಂದೊಂದಾಗಿ ಅತ್ತ ಸರಿದವು. ಹೋಟೆಲುಗಳಿಗೆ ರೇಡಿಯೋ ಬಂತು. ಒಂದು ಚಾಯಕ್ಕೆ ಕುಳಿತರೆ ಬೇಕಾದಷ್ಟು ಹಾಡು ಕೇಳಬಹುದಾದಾಗ ಮರದ ಮೆಟ್ಟಿಲು ಹತ್ತುವ ಕಷ್ಟ ಯಾರಿಗೆ ಬೇಕು? ದರ್ಜಿ ಮಷೀನು ಹೊತ್ತುಕೊಂಡು ಜೋಡುಮಾರ್ಗಕ್ಕೆ ಹೋದ. ಗುಮಾಸ್ತರಲ್ಲಿ ಒಬ್ಬರು ತೀರಿಕೊಂಡರು, ಒಬ್ಬರಿಗೆ ವರ್ಗವಾಯಿತು. ಕೆಲವು ಶನಿವಾರ ಚಾಪೆಗಳಿಗಿಂತ ಜನ ಕಡಿಮೆ.

ಜೋಡುಮಾರ್ಗದಲ್ಲಿ ಹೊಸ ಹೋಟೆಲು ಕಟ್ಟಿಸಿದ್ದ ರಮಾನಾಥ ಎಂಬವರು ಒಂದು ದಿನ ಸೇಸಮ್ಮನನ್ನು ಕರೆಸಿದರು. ಹೋಟೆಲಿನ ಮೇಲೆ ಒಂದು ಹಾಲ್ ಇತ್ತು: ಕುರ್ಚಿ, ಫ್ಯಾನು, ಧ್ವನಿವರ್ಧಕ.

"ನಿಮ್ಮ ಶನಿವಾರವನ್ನು ಇಲ್ಲಿಗೆ ತನ್ನಿ ಸೇಸಮ್ಮ. ಜನ ಬಂದೇ ಬರ್ತಾರೆ. ಗುಡಿಸಲಿಕ್ಕೆ, ನೀರಿಗೆ ಎಲ್ಲ ಆಳು ಉಂಟು. ನೀವು ಬಂದು ಸುಮ್ಮನೆ ಮುಂದೆ ನಿಂತರೆ ಸಾಕು."

ಸೇಸಮ್ಮ ಒಂದು ಕುರ್ಚಿಯ ತುದಿಯಲ್ಲಿ ಕುಳಿತು ನೋಡಿದಳು. ರಮಾನಾಥರ ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ಇದನ್ನು ಮತ್ತೊಮ್ಮೆ ಮೊದಲಿನಿಂದ ಶುರು ಮಾಡುವುದನ್ನು ನೆನೆದೇ ಅವಳ ಮೈ ಭಾರವಾಯಿತು.

"ಹಾಲ್ ಚಂದ ಉಂಟು," ಎಂದಳು. "ಬೇರೆ ಯಾರಿಗಾದರೂ ಹೇಳಿ. ನನ್ನಿಂದ ಆಗುವುದಿಲ್ಲ. ಬಚ್ಚಿ ಸುಸ್ತಾಗಿದೆ ನನಗೆ."

ಅರವತ್ತೇಳರ ಮಾರ್ಚ್‌ನಲ್ಲಿ ಶುಕೂರ್ ಸಾಹುಕಾರರು ಮೆಟ್ಟಿಲು ಹತ್ತಿ ಬಂದರು. ಅವರಿಗೂ ವಯಸ್ಸಾಗಿತ್ತು, ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಉಸಿರು ತೆಗೆದುಕೊಂಡರು. ಹವೆಯ ಬಗ್ಗೆ ಮಾತಾಡಿದರು, ಧರ್ಣಪ್ಪನ ಮೊಣಕಾಲಿನ ಬಗ್ಗೆ ವಿಚಾರಿಸಿದರು, ಮತ್ತೆ ಹವೆಯ ಬಗ್ಗೆಯೇ ಮಾತಾಡಿದರು. ಖದೀಜಳ ಗಂಡ ಅಬ್ದುಲ್ಲ ಬೀಡಿ ಡಿಪೋ ತೆರೆಯಲು ಜಾಗ ಹುಡುಕುತ್ತಿದ್ದಾನೆಂದು ಆಸ್ಯಮ್ಮ ಬಾವಿಕಟ್ಟೆಯಲ್ಲಿ ಹೇಳಿದ್ದಳು. ಆ ದಿನ ಅವಳು ಸೇಸಮ್ಮನ ಮುಖ ನೋಡಿರಲಿಲ್ಲ.

"ಉಪ್ಪರಿಗೆ ಬೇಕಿತ್ತಾ ಸಾಹುಕಾರ್ರೆ?" ಎಂದು ಸೇಸಮ್ಮನೇ ಕೇಳಿದಳು.

ಅವರು ಟೊಪ್ಪಿ ತೆಗೆದು ತಲೆ ಒರೆಸಿಕೊಂಡರು. "ನೀವಿಬ್ಬರು ಇರುವವರೆಗೆ ಕೋಣೆ ನಿಮ್ಮದೇ. ಎದುರಿನ ಜಾಗ ಮಾತ್ರ... ಅಬ್ದುಲ್ಲನಿಗೆ ಬೇರೆ ದಾರಿ ಇಲ್ಲ ಸೇಸಕ್ಕ."

"ತೆಗೆದುಕೊಳ್ಳಿ. ನನಗೂ ಸಾಕಾಗಿದೆ."

ಇಷ್ಟು ಸಲೀಸಾಗಿ ಅವಳು ಒಪ್ಪಿಬಿಟ್ಟದ್ದರಿಂದ ಸಾಹುಕಾರರಿಗೆ ನೋವಾದ ಹಾಗೆ ಕಂಡಿತು. ಅವಳು ಎರಡು ಮಾತು ಜಗಳವಾಡುತ್ತಾಳೆ, ತಾನು ಸಮಾಧಾನ ಹೇಳಬೇಕಾಗುತ್ತದೆ ಎಂದು ಅಂದುಕೊಂಡು ಬಂದಿದ್ದರೋ ಏನೋ. ಸ್ವಲ್ಪ ಹೊತ್ತು ಖಾಲಿ ಹಲಗೆಗಳನ್ನು ನೋಡುತ್ತ ಕುಳಿತು ಇಳಿದು ಹೋದರು. ಸೇಸಮ್ಮನಿಗೆ ದುಃಖವಾಗಲಿಲ್ಲ. ದೂರದಿಂದ ಹೊತ್ತು ತಂದ ತಲೆಹೊರೆಯನ್ನು ಯಾರೋ ಎದುರು ಬಂದು ಇಳಿಸಿಕೊಂಡ ಹಾಗಾಯಿತು. ದುಃಖವಾಗಬೇಕಿತ್ತಲ್ಲ ಎಂದು ಮಾತ್ರ ಒಂದೆರಡು ದಿನ ಅನ್ನಿಸಿತು.

ಒಬ್ಬರಿಗೆ ಮಾತು ಕೊಟ್ಟಾಗಿತ್ತು, ಎಂದಿನಂತೆ. ಧರ್ಣಪ್ಪನ ಜತೆ ಮೇಳದಲ್ಲಿದ್ದ ಭಾಗವತ ಡೊಂಬಯ್ಯ. ಅವನಿಗೂ ವಯಸ್ಸಾಗಿ, ಹಲ್ಲು ಬಿದ್ದು ಪದಗಳು ಗಾಳಿಯಾಗಿ ಬರುತ್ತಿದ್ದವು. ಬರುವಾಗ ತನ್ನ ಜಾಗಟೆಯನ್ನೂ, ಯಾರಿಂದಲೋ ಎರವಲು ಪಡೆದ ಒಂದು ಮದ್ದಲೆಯನ್ನೂ ತಂದಿದ್ದ. ಕೇಳಲು ಬಂದಿದ್ದವರು ಒಂದು ಕೈಯ ಬೆರಳಷ್ಟು ಜನ.

ಡೊಂಬಯ್ಯ ಮದ್ದಲೆಯನ್ನು ಧರ್ಣಪ್ಪನ ಮಡಿಲಿಗೆ ಇಟ್ಟ. ಧರ್ಣಪ್ಪ ಬೇಡವೆಂದು ಕೈಯಾಡಿಸಿದ. ಡೊಂಬಯ್ಯ ಜಾಗಟೆಯನ್ನು ಅವನ ಕಣ್ಣೆದುರಿಗೆ ಹಿಡಿದು, ನೋಡಿಕೊಂಡು ಬಾರಿಸು ಎಂದು ಸನ್ನೆ ಮಾಡಿದ. ಕೋಲು ಬೀಳುವ ಕಡೆ ಕಣ್ಣು ನೆಟ್ಟು ಧರ್ಣಪ್ಪ ಬಾರಿಸತೊಡಗಿದ. ಕೈ ಮರೆತಿರಲಿಲ್ಲ. ಒಂದು ಪದ ಇಡೀ ಸರಿಯಾಗಿ ಬಂತು. ಕಿಟಕಿಯ ಹಿಂದೆ ಆಸ್ಯಮ್ಮ ಕುಳಿತ ಜಾಗದಿಂದ ಬಳೆಯ ಸದ್ದು ಕೇಳಿಸಿತು. ಎರಡನೆಯ ಪದದ ನಡುವೆ ಡೊಂಬಯ್ಯ ಕಾಲ ಏರಿಸಿದ. ಕೋಲಿನ ವೇಗಕ್ಕೆ ಧರ್ಣಪ್ಪನ ಕಣ್ಣು ಹಿಂದೆ ಬಿತ್ತು. ಪೆಟ್ಟುಗಳು ತಪ್ಪಿದವು, ಇನ್ನೂ ತಪ್ಪಿದವು. ಅವನು ಎಲ್ಲರ ಮುಖ ನೋಡಿದ, ಗೊತ್ತಾಯಿತು. ಎರಡೂ ಕೈಗಳನ್ನು ಮದ್ದಲೆಯ ಮೇಲೆ ಮಲಗಿಸಿದ. ಡೊಂಬಯ್ಯ ನಿಲ್ಲಿಸಲಿಲ್ಲ, ಮದ್ದಲೆಯಿಲ್ಲದೆಯೇ ಉಳಿದ ಪದವನ್ನು ಹೇಳಿ ಮುಗಿಸಿದ. ಸೇಸಮ್ಮ ಕೊನೆಯವರೆಗೂ ಒತ್ತಿದಳು. ಇದು ಕೊನೆಯದೆಂದು ಯಾರಿಗೂ ಹೇಳಲಿಲ್ಲ. ಭಾಷಣ ಆಗಲಿಲ್ಲ, ಹಾರ ತುರಾಯಿ ಆಗಲಿಲ್ಲ. ಬಂದವರು ಮುಂದಿನ ಶನಿವಾರ ಸಿಗುವ ಎಂದು ಹೇಳಿ ಇಳಿದು ಹೋದರು.

ಮಳೆಗೆ ಮೊದಲು ಇಬ್ಬರೂ ಪುಂಜಾಲಕಟ್ಟೆಗೆ ಬಂದರು. ಕೋಣೆ ನಿಮ್ಮದೇ ಎಂದು ಸಾಹುಕಾರರು ಎಷ್ಟು ಹೇಳಿದರೂ, ತಂಬಾಕಿನ ಧೂಳಿಗೆ ಧರ್ಣಪ್ಪನ ಎದೆ ತಡೆಯುವುದಿಲ್ಲವೆಂದು ಸೇಸಮ್ಮ ಹೊರಟಳು. ಆಸ್ಯಮ್ಮ ಹಿಂಬಾಗಿಲಿನವರೆಗೆ ಬಂದು ಅವಳ ಎರಡೂ ಕೈ ಹಿಡಿದುಕೊಂಡು ನಿಂತಳು. "ಹೋಗಿ ಬನ್ನಿ," ಎಂದು ಒಬ್ಬಳು, "ಬರ್ತೇನೆ," ಎಂದು ಒಬ್ಬಳು.

ಅಕ್ಕ ಕಾವೇರಮ್ಮ ತನ್ನ ಮನೆಯ ಬದಿಯಲ್ಲಿ ಅವರಿಗೆ ಇರಲು ಒಂದು ಮಾಡು ಇಳಿಸಿ ಕೊಟ್ಟಳು. ಒಂದು ಸಲ ಮಡಂತ್ಯಾರಿನ ಕೆಲವರು ಹುಡುಕಿಕೊಂಡು ಬಂದು ಅಲ್ಲಿಯೂ ವಾರಕ್ಕೊಂದು ಸಂಗೀತ ಶುರು ಮಾಡಬೇಕೆಂದಿದ್ದೇವೆ, ಹೇಗೆ ನಡೆಸುವುದೆಂದು ನೀವು ಹೇಳಿಕೊಡಬೇಕು ಎಂದರು. ಸೇಸಮ್ಮ ಅವರಿಗೆ ಮಜ್ಜಿಗೆ ಕೊಟ್ಟಳು. "ಮೊದಲು ಚಾಪೆ ಕೊಡವಿ ಇಡುವವರು ಯಾರು ಅಂತ ನೋಡಿಕೊಳ್ಳಿ," ಎಂದಳು.

ಪುಂಜಾಲಕಟ್ಟೆಯಲ್ಲಿ ಧರ್ಣಪ್ಪನಿಗೆ ತಾನಾಗಿಯೇ ಒಂದು ಕೆಲಸ ಸಿಕ್ಕಿತು. ನೆರೆಮನೆಯ ಲೋಲಾಕ್ಷಿಯ ಕೂಸು ಹಗಲಿಡೀ ಕಿರಿಚುತ್ತಿತ್ತು. ಎತ್ತಿಕೊಂಡವರೆಲ್ಲ ಗಳಿಗೆಯಲ್ಲಿ ಬೇಸತ್ತು ಕೆಳಗಿಡುತ್ತಿದ್ದರು. ಒಂದು ದಿನ ಗದ್ದೆಗೆ ಹೋಗುವಾಗ ಅವಳು ಕೂಸನ್ನು ಧರ್ಣಪ್ಪನ ಮಡಿಲಲ್ಲಿ ಬಿಟ್ಟಳು. ಅದು ಎಷ್ಟು ಅತ್ತರೂ ಅವನು ಕದಲಲಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡು ಬೆನ್ನು ತಟ್ಟುತ್ತ ಸಮಾಧಾನದಲ್ಲಿ ಕುಳಿತಿದ್ದ. ಅತ್ತು ಅತ್ತು ಅದಕ್ಕೇ ಸಾಕಾಗಿ ನಿದ್ದೆ ಹೋಯಿತು. ಸುದ್ದಿ ಹರಡಿ ಅರವತ್ತೊಂಬತ್ತರ ನಾಟಿಯ ಹೊತ್ತಿಗೆ ಅವನ ಸುತ್ತ ಮೂರು ಕೂಸುಗಳು.

ಒಂದು ಸಂಜೆ ಗದ್ದೆಯಿಂದ ಬಂದ ಲೋಲಾಕ್ಷಿ ಕೂಸನ್ನು ಎತ್ತಿಕೊಳ್ಳುತ್ತ ಹೇಳಿದಳು: "ಧರ್ಣಪ್ಪಣ್ಣನ ಹಾಗೆ ತಾಳ್ಮೆ ಯಾರಿಗೂ ಇಲ್ಲ ಸೇಸಕ್ಕ. ಕೂಸು ಎಷ್ಟು ಕೂಗಿದರೂ ಒಂದು ಮಾತು ಆಡುವುದಿಲ್ಲ."

ಒಳಗೆ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ಸೇಸಮ್ಮ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಳು.

"ಅವರಿಗೇನು, ಕೇಳುವುದಿಲ್ಲ," ಎಂದಳು. "ಕೇಳುವವಳು ನಾನು."

ಲೋಲಾಕ್ಷಿ ನಕ್ಕಳು. ನಾಳೆಯಿಂದ ಬೇಡವಾದರೆ ತರುವುದಿಲ್ಲ ಎಂದಳು.

"ತಾ, ತಾ," ಎಂದಳು ಸೇಸಮ್ಮ. "ಸ್ವಲ್ಪ ತಡವಾಗಿ ತಾ."